ಡೈರಿಯಲ್ಲಿ ತಾಯಿಹಾಲಿನ ಫ್ಯಾಟ್ ನೋಡಿಸಿದ್ದು

ಮೂವತ್ತು ವರ್ಷಕ್ಕೂ ಮೇಲೆ ನಾನು ಬಾಣಂತಿಯರಿಗೆ, ಮಗುವಿಗೆ ಹಾಲು ಕುಡಿಸುವುದು ಹೇಗೆಂದು ಹೇಳಿಕೊಟ್ಟೆ. ನನಗೆ ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಈ ಎರಡು ಮಾತನ್ನು ಒಟ್ಟಿಗೆ ಓದಿ ನಗು ಬಂದರೆ ನಕ್ಕುಬಿಡಿ, ಸಂಕೋಚ ಬೇಡ. ಸಕಲೇಶಪುರ, ಆಲೂರು ತಾಲ್ಲೂಕುಗಳ ಅತ್ತೆಯರೆಲ್ಲ ನಿಮಗಿಂತ ಮುಂಚೆಯೇ ನಕ್ಕು ಮುಗಿಸಿದ್ದಾರೆ.

ಈಗ ಆರೋಗ್ಯ ಉಪಕೇಂದ್ರಗಳಿಗೆ ಹೊಸದಾಗಿ ಸೇರುವ ಹುಡುಗಿಯರು ಭಾನುವಾರ ಇಗರ್ಜಿಯಿಂದ ಬರುವಾಗಲೋ, ಬಸ್ ಸ್ಟ್ಯಾಂಡಿನಲ್ಲೋ ಸಿಕ್ಕಿ, "ಮೇಡಂ, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು?" ಎಂದು ಕೇಳುತ್ತಾರೆ. ಅವರಿಗೆ ಬೇಕಾಗಿರುವುದು ಆನೆ ಅಡ್ಡ ಬಂದ ಕಥೆ, ಜೀಪು ಕೆಟ್ಟು ನಡೆದ ಕಥೆ. ಅಂಥವು ನನ್ನ ಹತ್ತಿರವೂ ಇವೆ. ಆದರೆ ಆನೆಯಿಂದ ಕಲಿಯುವುದಕ್ಕೆ ಹೆಚ್ಚೇನೂ ಇಲ್ಲ, ಓಡಬೇಕು ಅಷ್ಟೇ. ಅತ್ತೆಯರಿಂದ ಕಲಿಯುವುದು ಬಹಳ ಇತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಪ್ಪ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದು ಸಕಲೇಶಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಲೆಕ್ಕ ಬರೆಯುವ ರೈಟರ್ ಆದವರು. ಮನೆಯಲ್ಲಿ ಕೊಂಕಣಿ, ಹೊರಗೆ ಕಾಲಿಟ್ಟರೆ ಕನ್ನಡ. ನನ್ನ ಹೆಸರು ಲಿಲ್ಲಿ. ಆ ಹೆಸರಿನಿಂದ ನನ್ನನ್ನು ಕರೆದವರು ನನ್ನ ತಾಯಿ ಮತ್ತು ಸಂಬಳದ ಗುಮಾಸ್ತರು ಮಾತ್ರ. ಉಳಿದವರಿಗೆಲ್ಲ ನಾನು ನರ್ಸಮ್ಮ, ಇಲ್ಲವೇ ಸಿಸ್ಟರ್.

ಟ್ರೇನಿಂಗಿನಲ್ಲಿ ನಮಗೆ ಒಬ್ಬ ಟ್ಯೂಟರಮ್ಮ ಇದ್ದರು. ಎದೆಯ ಮೇಲೆ ತಲೆಕೆಳಗಾಗಿ ನೇತಾಡುವ ಗಡಿಯಾರ, ಗಂಜಿ ಹಾಕಿದ ಬಿಳಿ ಸೀರೆ, ಸೀರೆಗಿಂತ ಗರಿಗರಿಯಾದ ಮಾತು. "ಮಗು ಅತ್ತಾಗಲೆಲ್ಲ ಬಾಯಿಗೆ ಎದೆ ಇಡುವುದು ಅಶಿಸ್ತು. ಮೂರು ಗಂಟೆಗೊಮ್ಮೆ. ಬಲಕ್ಕೆ ಐದು ನಿಮಿಷ, ಎಡಕ್ಕೆ ಐದು ನಿಮಿಷ. ಬರೆದುಕೊಳ್ಳಿ." ನಾವು ಬರೆದುಕೊಂಡೆವು. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂತು, ನನಗೆ ಪೂರ್ತಿ ಅಂಕ ಬಂತು. ಪೂರ್ತಿ ಅಂಕ ತೆಗೆದುಕೊಂಡ ಉತ್ತರವನ್ನು ಮನುಷ್ಯರು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹೆಗ್ಗದ್ದೆ ಕಡೆ ಇದ್ದೆ. ಅಲ್ಲಿ ಒಂದು ಎಸ್ಟೇಟಿನ ರೈಟರ್, ಹಣ್ಣು ಕುಯ್ಯುವ ಹೆಂಗಸರು ಮಕ್ಕಳಿಗೆ ಹಾಲು ಕೊಡಲೆಂದು ಹತ್ತು ಗಂಟೆಗೆ ಸೀಟಿ ಊದುತ್ತಿದ್ದ. ಹದಿನೈದು ನಿಮಿಷಕ್ಕೆ ಇನ್ನೊಂದು ಸೀಟಿ. ಹಾಲು ಕುಡಿಯುತ್ತಿದ್ದ ಮಕ್ಕಳಿಗೂ ಸೀಟಿಯ ಅಭ್ಯಾಸವಾಗಿ, ಮೊದಲ ಸೀಟಿಗೆ ಅಳು ನಿಲ್ಲಿಸಿ ಎರಡನೆಯದಕ್ಕೆ ಶುರುಮಾಡುತ್ತಿದ್ದವು. ನಾನು ಆ ರೈಟರನನ್ನು ಹೊಗಳಿದ್ದೆ! "ನಿಮ್ಮಷ್ಟು ಶಿಸ್ತು ನಮ್ಮ ಆಸ್ಪತ್ರೆಯಲ್ಲೂ ಇಲ್ಲ ರೈಟರ್ರೆ" ಎಂದಿದ್ದೆ. ಈಗ ನೆನೆದರೆ ಆ ಸೀಟಿಯನ್ನು ಕಿತ್ತು ಹೇಮಾವತಿಗೆ ಎಸೆಯಬೇಕಿತ್ತು ಅನ್ನಿಸುತ್ತದೆ.

ಆ ಕಾಲದಲ್ಲಿ ನಮ್ಮ ದೊಡ್ಡ ಯುದ್ಧ ಗಿಣ್ಣು ಹಾಲಿನದು. ಹೆತ್ತ ಮೊದಲ ಎರಡು ಮೂರು ದಿನ ತಾಯಿಗೆ ಬರುವ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಿದ್ದರು, ಮಗುವಿನ ಬಾಯಿಗೆ ಸಕ್ಕರೆ ನೀರು ಬಿಡುತ್ತಿದ್ದರು. ಒಂದು ದಿನ ಕೂಲಿಯವರ ಲೈನ್ ಮನೆಗಳ ಮುಂದೆ ಅಜ್ಜಿಯರನ್ನೆಲ್ಲ ಕೂರಿಸಿ ಭಾಷಣ ಹೊಡೆದೆ. "ಹಸು ಕರು ಹಾಕಿದರೆ ಗಿಣ್ಣು ಕಾಸಿ ಮನೆಮನೆಗೆ ಹಂಚುತ್ತೀರಿ. ನಿಮ್ಮ ಮೊಮ್ಮಗುವಿನ ಗಿಣ್ಣು ಮಾತ್ರ ಬಚ್ಚಲಿಗೆ. ಅದರಲ್ಲಿ ರೋಗ ತಡೆಯುವ ಶಕ್ತಿ ಇದೆ. ಮಗುವಿಗೆ ಮೊದಲ ಲಸಿಕೆ ಅದೇ" ಎಂದೆ. ಎಲ್ಲರೂ ತಲೆದೂಗಿದರು. ಹಿಂದೆ ಕೂತಿದ್ದ ಒಬ್ಬ ಅಜ್ಜಿ ಮಾತ್ರ, "ಅದ್ಸರಿ ನರ್ಸಮ್ಮ. ಕರು ಹುಟ್ಟಿದ್ ಗಳಿಗೇಲೇ ಎದ್ ನಿಂತ್ಕಂಡು ಕುಡೀತೈತೆ. ನಮ್ ಮಗ ನಿಂತ್ಕತೈತಾ?" ಅಂದಳು. ಸಭೆ ಅಲ್ಲಿಗೆ ಬರಖಾಸ್ತಾಯಿತು. ಮುಂದಿನ ವಾರ ಅದೇ ಅಜ್ಜಿ ನನಗೆಂದು ಒಂದು ತಟ್ಟೆ ಗಿಣ್ಣು ತಂದುಕೊಟ್ಟಳು, ಹಸುವಿನದು, ಏಲಕ್ಕಿ ಹಾಕಿದ್ದು. ಸೋತರೂ ಊಟಕ್ಕೆ ಮೋಸವಿರಲಿಲ್ಲ.

ಅಲ್ಲೇ ಇನ್ನೊಂದು ಆಯಿತು. ಅದನ್ನು ನಗುತ್ತಾ ಬರೆಯಲಾರೆ. ಎಸ್ಟೇಟಿನ ಒಂದು ಮನೆಯಲ್ಲಿ ಹಾಲು ಸಾಲದೆಂದು ಮೂರು ತಿಂಗಳ ಗಂಡು ಮಗುವಿಗೆ ಬಾಟ್ಲಿ ಹಿಡಿಸಿದರು. ಬಾಟ್ಲಿ ತೊಳೆಯಲು ಸೌದೆ ಹೊತ್ತಿಸಿ ನೀರು ಕುದಿಸುವಷ್ಟು ಬಿಡುವು ಯಾರಿಗಿತ್ತು? ಭೇದಿ ಹಿಡಿಯಿತು. ನಾನು ಹೋಗುವಷ್ಟರಲ್ಲಿ ನೆತ್ತಿ ಕುಳಿ ಬಿದ್ದಿತ್ತು. ಸಕಲೇಶಪುರದ ದಾರಿಯಲ್ಲಿ, ಬಸ್ಸಿನಲ್ಲಿ, ನನ್ನ ತೊಡೆಯ ಮೇಲೆ ಜೀವ ಬಿಟ್ಟಿತು. ಅಂದಿನಿಂದ ಹಾಲಿನ ಬಾಟ್ಲಿ ಕಂಡರೆ ನನಗೆ ಆಗುವುದಿಲ್ಲ, ಈಗಲೂ.

ನಂತರ ನನ್ನನ್ನು ಆಲೂರು ತಾಲ್ಲೂಕಿನ ಪಾಳ್ಯದ ಕಡೆಗೆ ಹಾಕಿದರು. ಭತ್ತ, ರಾಗಿ, ಅಂಚಿನಲ್ಲಿ ಅಷ್ಟಿಷ್ಟು ಕಾಫಿ, ಮನೆಗೆ ಎರಡೋ ಮೂರೋ ಹಸು. ಬೆಳಿಗ್ಗೆ ಸಂಜೆ ಹೆಂಗಸರು ಗಂಡಸರು ಹಾಲಿನ ಕ್ಯಾನು ಹಿಡಿದು ಡೈರಿ ಮುಂದೆ ಸಾಲು ನಿಲ್ಲುವ ಊರು. ಊರಿನ ಸುದ್ದಿ ಎಲ್ಲ ಆ ಸಾಲಿನಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಹಾಲಿಗಿಂತ ಮುಂಚೆ ಮನೆ ಮುಟ್ಟುತ್ತಿತ್ತು.

ದೇವೀರಮ್ಮ ಎಂಬುವರು ಆ ಊರಿನ ದೊಡ್ಡ ಮನೆತನದ ಹಿರಿಯರು. ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ಎಲೆಅಡಿಕೆ ಚೀಲ, ಬಾಯಲ್ಲಿ ತೀರ್ಪು. ಮಗನಿಗೆ ಆಲೂರಿನಿಂದ ಹೆಣ್ಣು ತಂದಿದ್ದರು. ಹುಡುಗಿಯ ಹೆಸರು ಶೋಭಾ, ಪಿಯುಸಿವರೆಗೆ ಓದಿದವಳು. ತಾಯಿ ಇಲ್ಲದ ಮಗಳು, ಹಾಗಾಗಿ ಚೊಚ್ಚಲ ಬಾಣಂತನವೂ ಅತ್ತೆ ಮನೆಯಲ್ಲೇ ಆಯಿತು. ಹೆಣ್ಣು ಮಗು ಹುಟ್ಟಿತು, ಮೂರು ಕೆಜಿಗೆ ಸ್ವಲ್ಪ ಕಡಿಮೆ, ಗುಂಡಗೆ ಚೆನ್ನಾಗಿತ್ತು. ಶೋಭಾ ಮೊದಲ ದಿನವೇ ಗಿಣ್ಣು ಹಾಲು ಕುಡಿಸಿದಳು, ಸಕ್ಕರೆ ನೀರು ಹತ್ತಿರ ಸೇರಿಸಲಿಲ್ಲ. ನನಗೆ ಬಲು ಖುಷಿ. ಇಂಥ ಒಬ್ಬಳು ವಿದ್ಯಾವಂತೆ ಊರಿಗೆ ಸಾಕು, ಉಳಿದವರು ನೋಡಿ ಕಲಿಯುತ್ತಾರೆ ಅಂದುಕೊಂಡೆ. ಅವಳ ಮಣಿಕಟ್ಟಿನಲ್ಲಿ ಮದುವೆಗೆ ಕೊಟ್ಟ ವಾಚ್ ಇತ್ತು. ನಾನು ಪಾಠ ಹೇಳುವಾಗ ಅದನ್ನೇ ತೋರಿಸಿದೆ. "ನೋಡು, ಈ ಮುಳ್ಳು ಇಲ್ಲಿಂದ ಇಲ್ಲಿಗೆ ಬಂದರೆ ಐದು ನಿಮಿಷ. ಬದಿ ಬದಲಿಸು."

"ಸರಿ ಸಿಸ್ಟ್ರೇ" ಅಂದಳು.

ತಿಂಗಳು ಕಳೆಯಿತು, ಎರಡಾಯಿತು. ಪ್ರತಿ ಗುರುವಾರ ಲಸಿಕೆಯ ದಿನ ನಾನು ಮಕ್ಕಳ ತೂಕ ಹಾಕುತ್ತಿದ್ದೆ. ತೊಲೆಗೆ ಸ್ಪ್ರಿಂಗ್ ತಕ್ಕಡಿ ನೇತುಹಾಕಿ, ಅದರ ಕೊಕ್ಕೆಗೆ ಬಟ್ಟೆಯ ಜೋಳಿಗೆ ಸಿಕ್ಕಿಸಿ ಮಗುವನ್ನು ಕೂರಿಸುವುದು. ಊರಿನ ಮಕ್ಕಳೆಲ್ಲ ಮುಳ್ಳನ್ನು ಕೆಳಕ್ಕೆ ಎಳೆಯುತ್ತಿದ್ದರೆ ಶೋಭಾಳ ಮಗು ಇದ್ದಲ್ಲೇ ಇತ್ತು. ನಾಲ್ಕು ಕೆಜಿ ಮುಟ್ಟಿರಲಿಲ್ಲ. ಉಚ್ಚೆ ಬೇಕಾದಷ್ಟು ಹೊಯ್ಯುತ್ತಿತ್ತು, ಹಸಿರು ಹಸಿರಾಗಿ ನೊರೆ ನೊರೆಯಾಗಿ ಹೇಲುತ್ತಿತ್ತು, ಹೊಟ್ಟೆ ಉಬ್ಬಿಸಿಕೊಂಡು ದಿನವಿಡೀ ಅಳುತ್ತಿತ್ತು. ನಾನು "ಗ್ಯಾಸ್" ಎಂದೆ. ತಿಳಿಯದಿದ್ದಾಗ ನಾವು ಹೇಳುವ ಮಾತು ಅದು.

ದೇವೀರಮ್ಮ ಒಪ್ಪಲಿಲ್ಲ. "ಗ್ಯಾಸೂ ಇಲ್ಲ ಗೀಸೂ ಇಲ್ಲ. ಇವ್ಳ ಹಾಲ್ನಾಗೇ ಏನೂ ಇಲ್ಲ. ನೋಡೀಯೇನ್, ನೀಲಿ ನೀಲಿ ನೀರು. ನೀನ್ ಹೆತ್ತಿದ್ದೀಯಾ, ಕುಡ್ಸಿದ್ದೀಯಾ? ಪುಸ್ತಕ ಓದ್ಕಂಡ್ ಬಂದು ನಂಗ್ ಹೇಳಾಕ್ ಬಂದ್ಬುಟ್ಲು."

"ದೇವೀರಮ್ಮನೋರೆ, ತಾಯಿಹಾಲು ನೋಡೋಕೆ ತೆಳ್ಳಗೇ ಇರುತ್ತೆ. ಹಸುವಿನ ಹಾಲಿನ ಥರ ಇರಲ್ಲ. ಮಗುವಿಗೆ ಏನು ಬೇಕೋ ಎಲ್ಲ ಅದರಲ್ಲಿದೆ" ಎಂದೆ.

"ಇದ್ರೆ ಮಗ ಯಾಕ್ ಅಳ್ತೈತೆ?"

ಉತ್ತರವಿಲ್ಲದ ದಿನ ನಾನು ಜೋರಾಗಿ ಮಾತಾಡುವುದು ಜಾಸ್ತಿ. ಇಬ್ಬರೂ ಜಗಳವಾಡಿದೆವು. ಕೊನೆಗೆ ಅವರು ಒಳಗೆ ಹೋಗಿ ಗೂಡಿನಿಂದ ಏನನ್ನೋ ತಂದು ಜಗಲಿಯ ಮೇಲೆ ಇಟ್ಟರು. ಆಲೂರು ಸಂತೆಯಿಂದ ತರಿಸಿದ ಹಾಲಿನ ಬಾಟ್ಲಿ. "ಬರೋ ಗುರುವಾರ ಬುಟ್ಟು ಅದರ್ ಮುಂದಿನ್ ಗುರುವಾರ. ಅಷ್ಟ್ರೊಳ್ಗೆ ಮಗ ತೂಕ ಏರ್ಲಿಲ್ಲ ಅಂದ್ರೆ ನಮ್ ಹಸೀನ್ ಹಾಲು, ಈ ಬಾಟ್ಲಿ. ನಿನ್ ಮಾತು ಆಮೇಕೆ ಕೇಳಾಕಿಲ್ಲ" ಅಂದರು. ನಾನು ಬಾಟ್ಲಿಯನ್ನೇ ನೋಡುತ್ತಾ ನಿಂತೆ. ಬಸ್ಸಿನ ಸೀಟು, ನನ್ನ ತೊಡೆ, ಎಲ್ಲ ನೆನಪಾಯಿತು.

ಮರುದಿನ ಬೆಳಿಗ್ಗೆ ನಡೆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ. ಆದರೆ ಡೈರಿ ಸಾಲಿನಲ್ಲಿದ್ದ ಪ್ರತಿಯೊಬ್ಬರೂ ಬೇರೆಬೇರೆಯಾಗಿ ಬಂದು ಹೇಳಿದ್ದರಿಂದ ಕಣ್ಣಾರೆ ಕಂಡಷ್ಟೇ ಸರಿ.

ದೇವೀರಮ್ಮ ನಸುಕಿನಲ್ಲೇ ಎದ್ದು ಸೊಸೆಯ ಕೈಗೆ ಸಣ್ಣ ಲೋಟ ಕೊಟ್ಟು, "ನಿಮ್ ಮಾವನ ಕಣ್ ಕೆಂಪಾಗೈತೆ, ಒಂದಿಷ್ಟು ಎದೆಹಾಲು ಹಿಂಡ್ಕೊಡು" ಅಂದಿದ್ದಾರೆ. ಕಣ್ಣುನೋವಿಗೆ ಎದೆಹಾಲು ಬಿಡುವುದು ನಮ್ಮ ಕಡೆ ಹಳೆಯ ಪದ್ಧತಿ. ಅದಕ್ಕೆ ಎರಡು ಹನಿ ಸಾಕು. ಇವರು ಲೋಟದ ಕಾಲುಭಾಗ ಆಗುವವರೆಗೆ ಬಿಡಲಿಲ್ಲವಂತೆ. ಇಷ್ಟೊಂದು ಯಾಕತ್ತೆ ಎಂದು ಶೋಭಾ ಕೇಳಿದ್ದಕ್ಕೆ, "ಎರಡೂ ಕಣ್ಣು ಕೆಂಪಾಗವೆ ಕಣವ್ವ" ಅಂದರಂತೆ.

ಆ ಲೋಟದ ಮೇಲೆ ಬಾಳೆಲೆ ಮುಚ್ಚಿಕೊಂಡು ಡೈರಿಗೆ ಹೋಗಿ ಸಾಲಿನಲ್ಲಿ ನಿಂತರು. ಡೈರಿ ಸೆಕ್ರೆಟರಿ ಪುಟ್ಟಸ್ವಾಮಿ ಬಹಳ ಕಟ್ಟುನಿಟ್ಟಿನ ಮನುಷ್ಯ. ಪ್ರತಿ ಹಾಲಿನಿಂದ ಅಳತೆಯಷ್ಟು ತೆಗೆದು ಉದ್ದ ಕತ್ತಿನ ಗಾಜಿನ ಬುಡ್ಡಿಗೆ ಹಾಕಿ, ಆಸಿಡ್ ಬೆರೆಸಿ, ಕೈಯಲ್ಲಿ ತಿರುಗಿಸುವ ಯಂತ್ರದಲ್ಲಿಟ್ಟು ಗರಗರ ತಿರುಗಿಸಿದರೆ ಹಾಲಿನ ಜಿಡ್ಡು ಬುಡ್ಡಿಯ ಕತ್ತಿಗೆ ಏರಿ ನಿಲ್ಲುತ್ತದೆ. ಅದೇ ಫ್ಯಾಟ್. ದೇವೀರಮ್ಮ, "ಹೊಸ ಹಸೀಂದು, ಹೆಂಗೈತೆ ನೋಡಪ್ಪ" ಎಂದು ಲೋಟ ಕೊಟ್ಟಿದ್ದಾರೆ. ಪುಟ್ಟಸ್ವಾಮಿ ತಿರುಗಿಸಿ, ಬುಡ್ಡಿಯನ್ನು ಬೆಳಕಿಗೆ ಹಿಡಿದು, ಸಾಲಿಗೆಲ್ಲ ಕೇಳುವಂತೆ, "ಇದೇನ್ ದೊಡ್ಡಮ್ಮ, ಹಾಲಿಗೆ ನೀರ್ ಹಾಕಿದ್ದೀಯೋ ನೀರಿಗೆ ಹಾಲ್ ಹಾಕಿದ್ದೀಯೋ? ಇಂಥದ್ನ ಡೈರಿಗ್ ತಂದ್ರೆ ನಾನ್ ವಾಪಸ್ ಕಳಿಸ್ಬುಡ್ತೀನಿ" ಅಂದ.

"ನಾನ್ ಒಂದ್ ತೊಟ್ಟೂ ನೀರ್ ಹಾಕಿಲ್ಲ ಕಣೋ" ಎಂದರಂತೆ ದೇವೀರಮ್ಮ, ಗೆದ್ದ ದನಿಯಲ್ಲಿ. "ನನ್ ಸೊಸೇದು ಅದು. ಆ ನರ್ಸಮ್ಮಂಗೆ ಹೋಗ್ ಹೇಳು!"

ಪುಟ್ಟಸ್ವಾಮಿಯ ಕೈಯಿಂದ ಬುಡ್ಡಿ ಬೀಳದೆ ಉಳಿದದ್ದೇ ಹೆಚ್ಚು. ಪಾಪ, ಆತ ಆ ದಿನ ಮೂರು ಸಲ ಕೈ ತೊಳೆದುಕೊಂಡನಂತೆ, ಮನೆಗೆ ಹೋಗಿ ದೇವರಿಗೆ ಕಾಯಿಯನ್ನೂ ಒಡೆದನಂತೆ.

ಸುದ್ದಿ ನನಗೆ ಮುಟ್ಟಿದ್ದು ಉಪಕೇಂದ್ರದ ಬಾಗಿಲು ತೆಗೆಯುವ ಮುಂಚೆ. ನನಗೆ ಮೊದಲು ನಗು ಬಂತು, ಮರುಕ್ಷಣ ಶೋಭಾ ನೆನಪಾಗಿ ಓಡಿದೆ. ಅವಳು ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು, ಮಡಿಲಲ್ಲಿ ಮಗು. "ಸಿಸ್ಟ್ರೇ, ಇಡೀ ಊರು ನನ್ನ ಹಾಲಿನ ಫ್ಯಾಟ್ ಎಷ್ಟು ಅಂತ ಮಾತಾಡ್ತಿದೆ. ಇನ್ನು ನಾನು ಹೊರಗೆ ಹೆಂಗ್ ಮುಖ ತೋರಿಸ್ಲಿ? ಅತ್ತೆ ಹೇಳೋದೇ ಸರಿ ಇರ್ಬೇಕು. ನನ್ನ ಹಾಲಲ್ಲೇ ಏನೂ ಇಲ್ಲ. ಬಾಟ್ಲಿನೇ ಕೊಡ್ಲಿ ಬಿಡಿ" ಎಂದು ಬಿಕ್ಕಿದಳು. ಸಿಟ್ಟಿನಲ್ಲಿ ವಾಚನ್ನು ಕಿತ್ತು ಮೂಲೆಗೆ ಎಸೆದಿದ್ದಳು.

ಸಮಾಧಾನ ಹೇಳಿ ಹೇಳಿ ಸೋತು, ಮಧ್ಯಾಹ್ನದ ಹೊತ್ತಿಗೆ ನನಗೂ ಹಟ ಬಂತು. ದೇವೀರಮ್ಮ ಡೈರಿಯನ್ನೇ ಕೋರ್ಟು ಮಾಡಿಕೊಂಡರೆ ನಾನೂ ಅದೇ ಕೋರ್ಟಿಗೆ ಹೋಗುತ್ತೇನೆ. "ಸಂಜೆ ಇನ್ನೊಂದು ಸಲ ಪರೀಕ್ಷೆ ಮಾಡಿಸೋಣ. ನಿಮ್ಮ ಕಣ್ಣೆದುರಿಗೇ ಹಿಂಡಿಸ್ತೀನಿ, ನೀವೇ ಲೋಟ ಹಿಡ್ಕೊಂಡು ಬನ್ನಿ" ಎಂದು ಅವರಿಗೆ ಹೇಳಿದೆ. ಶೋಭಾ ಒಪ್ಪಲು ಒಂದು ಗಂಟೆ ಹಿಡಿಯಿತು. ನಾನು ಸಂಜೆ ಹೋದಾಗ ಅವಳು ಮಗುವನ್ನು ಎದೆಗಿಟ್ಟುಕೊಂಡು ಎಲ್ಲೋ ನೋಡುತ್ತಾ ಕೂತಿದ್ದಳು. ಎಷ್ಟು ಹೊತ್ತಿನಿಂದ ಎಂದು ಅವಳಿಗೂ ಗೊತ್ತಿರಲಿಲ್ಲ. ಮಗು ಕುಡಿದು ಕುಡಿದು, ಬಾಯಿ ತೆರೆದು, ತಾನಾಗೇ ಎದೆ ಬಿಟ್ಟು ನಿದ್ದೆ ಹೋಗಿತ್ತು. ಅದೇ ಬದಿಯಿಂದ ಕಷ್ಟಪಟ್ಟು ಹಿಂಡಿ ಪರೀಕ್ಷೆಗೆ ಬೇಕಾದಷ್ಟು ತೆಗೆದೆವು. ದೇವೀರಮ್ಮ ಲೋಟದ ಮೇಲಿಂದ ಕಣ್ಣು ತೆಗೆಯಲಿಲ್ಲ.

ಡೈರಿಯ ಸಾಲು ಕರಗುವವರೆಗೆ ಕಾದು ಒಳಗೆ ಹೋದೆವು. ಪುಟ್ಟಸ್ವಾಮಿ ಕೈಮುಗಿದ. "ಬ್ಯಾಡ ನರ್ಸಮ್ಮ, ನಂಗೆ ಹೆಂಡ್ತಿ ಮಕ್ಳವ್ರೆ." ಊರಿನ ಒಂದು ಮಗುವಿನ ಪ್ರಶ್ನೆ ಎಂದು ನಾನು ಬೇಡಿಕೊಂಡ ಮೇಲೆ ಮುಖ ಬೇರೆ ಕಡೆ ತಿರುಗಿಸಿಕೊಂಡೇ ಬುಡ್ಡಿ ತುಂಬಿದ. ಗರಗರ ತಿರುಗಿಸಿದ. ಬೆಳಕಿಗೆ ಹಿಡಿದ. ಕಣ್ಣುಜ್ಜಿಕೊಂಡು ಇನ್ನೊಮ್ಮೆ ಹಿಡಿದ.

"ಇದ್ಯಾವ್ದು, ಎಮ್ಮೇದಾ?"

"ಶೋಭಾದು" ಎಂದೆ.

"ನಿಮ್ ಹಸೀನ್ ಹಾಲ್ಗಿಂತ ಎಷ್ಟೋ ಮ್ಯಾಲೈತೆ ದೊಡ್ಡಮ್ಮ."

ದೇವೀರಮ್ಮ ಬುಡ್ಡಿಯನ್ನು ತಾವೂ ಇಣುಕಿ ನೋಡಿ, "ನಿನ್ ಮಿಷಿನ್ ಕೆಟ್ಟೈತೆ ಬುಡು" ಅಂದರು. ಮಾತು ಪುಟ್ಟಸ್ವಾಮಿಗೆ ನಾಟಿತು. "ನನ್ ಮಿಷಿನ್ ಕೆಟ್ಟೈತಾ? ಈ ಊರೋರು ಹಾಕಿದ್ ನೀರ್ನೆಲ್ಲ ಕಂಡ್ ಹಿಡ್ದಿರೋ ಮಿಷಿನ್ ಕಣ್ ದೊಡ್ಡಮ್ಮ ಇದು! ಇರು, ಬೆಳಿಗ್ಗೇದು ಯಾವಾಗ್ ಹಿಂಡಿದ್ದು?"

"ಮಗ ಕುಡ್ಯಾಕ್ ಮುಂಚೆ."

"ಈಗಿಂದು?"

"ಕುಡ್ದು ಮನೀಕಂಡ್ ಮ್ಯಾಲೆ."

ಪುಟ್ಟಸ್ವಾಮಿ ತೊಡೆ ತಟ್ಟಿಕೊಂಡ. "ಹಂಗ್ ಹೇಳು ಮತ್ತೆ! ನೀನ್ ಹಸ ಕರೆದು ಮೊದ್ಲಿನ್ ಹಾಲು ಡೈರಿಗ್ ತಂದು, ಕೊನೇ ಚೊಂಬು ಮನೇಲಿ ಹೆಪ್ಪಿಗೆ ಮಡಿಕ್ಕಂತೀಯಲ್ಲ, ಯಾಕೆ?"

ಹತ್ತು ವರ್ಷದ ಗುಟ್ಟು ಹೊರಬಿದ್ದು ದೇವೀರಮ್ಮನ ಮುಖ ಸಣ್ಣಗಾಯಿತು. "ಅದು... ಕೊನೇ ಹಾಲ್ನಾಗೆ ಕೆನೆ ಬತ್ತದೆ ಕಣಪ್ಪ" ಅಂದರು. ಅಂದು ಮುಗಿಸುವಷ್ಟರಲ್ಲಿ ಅವರಿಗೇ ಹೊಳೆಯಿತು. ಮುದುಕಿಯ ತಲೆ ನನ್ನದಕ್ಕಿಂತ ಚುರುಕು. "ಅಂಗಾರೆ ನನ್ ಮೊಮ್ಮಗ್ಳಿಗೆ ಕೊನೇ ಹಾಲು ಸಿಕ್ತಾನೇ ಇಲ್ಲ. ಯಾಕ್ ಸಿಕ್ತಿಲ್ಲ ನರ್ಸಮ್ಮ?"

ಯಾಕೆಂದು ಆ ಜಾಗದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬಲಕ್ಕೆ ಐದು ನಿಮಿಷ, ಎಡಕ್ಕೆ ಐದು ನಿಮಿಷ. ಎರಡೂ ಬದಿಯ ತೆಳು ಹಾಲು ಕುಡಿದು ಹೊಟ್ಟೆ ತುಂಬಿಸಿಕೊಂಡ ಮಗುವಿಗೆ ಕೆನೆ ಬರುವ ಹೊತ್ತಿಗೆ ತಾಯಿ ವಾಚ್ ನೋಡಿ ಎದೆ ಬಿಡಿಸುತ್ತಿದ್ದಳು. ಮತ್ತೆ ಮೂರು ಗಂಟೆ ಕಾಯಿಸುತ್ತಿದ್ದಳು. ನಾನು ಹೇಳಿದಂತೆ, ಒಂದು ನಿಮಿಷ ಆಚೀಚೆ ಇಲ್ಲದೆ.

ಸುಳ್ಳು ಹೇಳಬಹುದಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹೊಸಬರಿಗೆ ಗೊತ್ತಿರಲಿ. ಆ ಕ್ಷಣದಲ್ಲಿ ನನ್ನ ನಾಲಿಗೆಯ ಮೇಲೆ, "ಹುಡುಗಿಗೆ ಸರಿಯಾಗಿ ಕುಡಿಸಲು ಬರುವುದಿಲ್ಲ" ಎಂಬ ಮಾತು ತಯಾರಾಗಿ ಬಂದು ಕೂತಿತ್ತು. ಹಾಗೆಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಸೊಸೆಯ ತಪ್ಪು ಎಂದರೆ ನಂಬದ ಊರು ಎಲ್ಲಿದೆ? ಅದನ್ನು ನುಂಗಿಕೊಂಡು, "ತಪ್ಪು ನನ್ನದು. ಐದೈದು ನಿಮಿಷ ಅಂತ ನಾನೇ ಹೇಳಿಕೊಟ್ಟೆ" ಎಂದೆ.

"ಐದ್ ನಿಮಿಷಾನಾ!" ದೇವೀರಮ್ಮ ಎಲೆಅಡಿಕೆ ಉಗಿದು ಬಂದರು, ಮಾತಿಗೆ ಜಾಗ ಬೇಕಿತ್ತು. "ಐದ್ ನಿಮಿಷಕ್ಕೆ ನಮ್ ಹಸಾನೂ ಪೂರ್ತಿ ಹಾಲು ಇಳಿಸಾಕಿಲ್ಲ ಕಣವ್ವ! ಪರೀಕ್ಸೆ ಪಾಸ್ ಮಾಡಿದ್ದೀಯಂತೆ. ಹಟ್ಟೀಲಿ ಒಂದಿನ ಕೂತಿದ್ರೆ ಗೊತ್ತಾಗ್ತಿತ್ತು." ನಾನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡೆ. ಬೈದು ಬೈದು ದಣಿದ ಮೇಲೆ ಅವರು ಸ್ವಲ್ಪ ಮೆತ್ತಗಾದ ದನಿಯಲ್ಲಿ, "ಗುರುವಾರದ್ ಮಾತು ಮಾತೇ. ಬಾಟ್ಲಿ ಅಲ್ಲೇ ಐತೆ" ಎಂದು ಹೊರಟರು.

ಮರುದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಡಾಕ್ಟರಮ್ಮನ ಮುಂದೆ ನಿಂತೆ. ನನಗಿಂತ ಹತ್ತು ವರ್ಷ ಚಿಕ್ಕವರು, ಹೆಚ್ಚು ಮಾತಿಲ್ಲದವರು. ಎಲ್ಲ ಕೇಳಿ, "ಸಿಸ್ಟರ್, ಹೋದ ವರ್ಷ ಟ್ರೇನಿಂಗಿನಿಂದ ಬಂದಾಗ ನಿಮಗೆಲ್ಲ ಒಂದು ಪುಸ್ತಕ ಕೊಟ್ಟಿದ್ದೆನಲ್ಲ, ಏನಾಯಿತು?" ಎಂದರು.

ಆ ಪುಸ್ತಕ ನನ್ನ ಉಪಕೇಂದ್ರದಲ್ಲಿ ಬಹಳ ಉಪಯೋಗದಲ್ಲಿತ್ತು. ಲಸಿಕೆ ಪೆಟ್ಟಿಗೆ ಇಡುವ ಮೇಜಿನ ಒಂದು ಕಾಲು ಗಿಡ್ಡ. ಅದರ ಕೆಳಗೆ ಇಟ್ಟಿದ್ದೆ.

ಮೇಜು ಎತ್ತಿ ಪುಸ್ತಕ ತೆಗೆದು ಓದಿದೆ. ಎಲ್ಲ ಅದರಲ್ಲಿತ್ತು. ಶುರುವಿನಲ್ಲಿ ಬರುವ ಹಾಲು ನೀರಾಗಿ, ಸಿಹಿಯಾಗಿ ಇರುತ್ತದೆ, ಬಾಯಾರಿಕೆ ತಣಿಸುತ್ತದೆ. ಎದೆ ಖಾಲಿಯಾಗುತ್ತಾ ಬಂದಂತೆ ಜಿಡ್ಡು ಹೆಚ್ಚುತ್ತದೆ, ತೂಕ ಏರುವುದು ಅದರಿಂದ. ತೆಳು ಹಾಲೇ ಹೆಚ್ಚಾದರೆ ಹೊಟ್ಟೆ ಉಬ್ಬರ, ಹಸಿರು ನೊರೆ ಭೇದಿ. ಒಂದೇ ತಾಯಿಯ ಹಾಲು ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ, ಆದ್ದರಿಂದ ಒಂದು ಲೋಟ ನೋಡಿ ತೀರ್ಪು ಕೊಡಬಾರದು. ಮಗು ಕೇಳಿದಾಗ ಕೊಡಿ, ತಾನಾಗಿ ಬಿಡುವವರೆಗೆ ಒಂದು ಬದಿ ಕುಡಿಸಿ, ಆಮೇಲೆ ಇನ್ನೊಂದು. ಮೇಜಿನ ಕಾಲಿನ ಗುರುತು ಸರಿಯಾಗಿ ಆ ಪುಟದವರೆಗೂ ಒತ್ತಿತ್ತು.

ಹೊಸಬರೇ, ವಿಧಾನಗಳು ಬದಲಾಗುತ್ತಲೇ ಇರುತ್ತವೆ. ಎದೆಹಾಲು ಬಿಟ್ಟು ಬೇರೇನೂ ಕೊಡಬ್ಯಾಡಿ ಎಂದು ಮೊದಲು ನಾಲ್ಕು ತಿಂಗಳಿಗೆ ಹೇಳುತ್ತಿದ್ದೆವು, ಎರಡು ಸಾವಿರದ ಇಸವಿ ದಾಟಿದ ಮೇಲೆ ಆರು ತಿಂಗಳು ಎಂದೆವು. ಆಗ ಪಾಳ್ಯದ ಒಬ್ಬಳು, "ಹೋದ್ ಮಗೀಗೆ ನಾಕು ಅಂದ್ರಿ, ಈ ಮಗೀಗೆ ಆರು ಅಂತೀರಿ. ಸರ್ಕಾರ ಇದಕ್ಕೂ ರೇಟ್ ಜಾಸ್ತಿ ಮಾಡ್ತಾ?" ಎಂದು ಕೇಳಿದ್ದಳು. ಬದಲಾದದ್ದನ್ನು ಹೇಳಲು ನಾಚಬೇಡಿ. ಪುಸ್ತಕವನ್ನು ಮೇಜಿನ ಮೇಲೆ ಇಡಿ.

ಶೋಭಾಗೆ ಆ ದಿನವೇ ಹೊಸ ಪಾಠ ಹೇಳಿದೆ. ಅವಳು ನನ್ನನ್ನು ಬಯ್ಯಲಿಲ್ಲ, ಅದೇ ಹೆಚ್ಚು ನೋವಾಯಿತು. ಉಳಿದ ಮನೆಗಳ ಗತಿ ಏನು ಎಂದು ನನಗೆ ನಿದ್ದೆ ಬರಲಿಲ್ಲ. ಎಷ್ಟು ಬಾಣಂತಿಯರಿಗೆ ಅದೇ ಐದು ನಿಮಿಷದ ಮಂತ್ರ ಹೇಳಿದ್ದೆ! ಆ ಎರಡು ವಾರ, ಮೊಲೆಗೂಸು ಇದ್ದ ಪ್ರತಿ ಮನೆಗೂ ಹೋದೆ. ಹೊಸ್ತಿಲ ಹೊರಗೇ ನಿಂತು ಕೈಮುಗಿದು, "ಅವ್ವಾ, ನಾನು ಹೇಳಿದ್ದು ತಪ್ಪಾಯಿತು. ಐದು ನಿಮಿಷ ಅಂತ ಬಿಡಿಸಬ್ಯಾಡ, ಮಗು ಬಿಡುವವರೆಗೆ ಕುಡಿಸು" ಎಂದೆ.

ಮೊದಲ ಮನೆಯವಳು ಕಣ್ಣರಳಿಸಿ ನೋಡಿದಳು. "ಯಾವ್ ಐದ್ ನಿಮಿಷ ನರ್ಸಮ್ಮ?"

ಎರಡನೆಯವಳು, "ಅಯ್ಯೋ, ನಮ್ಮನೇಲಿ ಗಡಿಯಾರನೇ ಇಲ್ವಲ್ಲ" ಅಂದಳು.

ಮೂರನೆಯ ಮನೆಯ ಅಜ್ಜಿ ನಕ್ಕು ಚಾಪೆ ಹಾಸಿದಳು. "ಕೂತ್ಕಳವ್ವ, ಕಾಫಿ ಕುಡಿ. ನೀನ್ ಹೇಳ್ದಾಗ ಹ್ಞೂಂ ಅಂತಿದ್ವಿ, ನೀನ್ ಬೇಜಾರ್ ಮಾಡ್ಕಂಬಾರ್ದು ಅಂತ. ಮಗ ಕುಡೀತಾ ಇರ್ಬೇಕಾರೆ ಬಾಯಿಂದ ಕಿತ್ಕಳಕ್ಕೆ ನಮ್ಗೇನ್ ಹುಚ್ಚಾ?"

ಇಡೀ ಊರು ಸುತ್ತಿದೆ. ಬೇರೆ ಒಂದೇ ಒಂದು ಮನೆಯಲ್ಲೂ ನನ್ನ ಮಾತು ನಡೆದಿರಲಿಲ್ಲ. ಅಷ್ಟು ವರ್ಷದ ಭಾಷಣ, ಚಾರ್ಟು, ತಲೆದೂಗಿದ ಸಭೆಗಳು, ಎಲ್ಲ ಹ್ಞೂಂ ಎಂಬಲ್ಲಿಗೆ ಮುಗಿದಿದ್ದವು. ಮಕ್ಕಳೆಲ್ಲ ದುಂಡಗಿದ್ದದ್ದು ಅದಕ್ಕೇ. ನನ್ನನ್ನು ಪೂರ್ತಿ ನಂಬಿದವಳು ಊರಿನಲ್ಲಿ ಒಬ್ಬಳೇ, ಕೇಳಲು ತಾಯಿ ಇಲ್ಲದವಳು. ಮಗು ಸೊರಗಿದ್ದೂ ಅವಳದೊಂದೇ.

ದೇವೀರಮ್ಮ ಹೇಳಿದ್ದ ಗುರುವಾರ ಬಂತು. ಅವರು ಮಗುವಿನ ಜೊತೆಗೆ ಎರಡು ಕೆಜಿಯ ಸಕ್ಕರೆ ಪೊಟ್ಟಣವನ್ನೂ ತಂದಿದ್ದರು. "ಮೊದ್ಲು ನಿನ್ ತಕ್ಕಡಿ ಸರಿ ಐತಾ ನೋಡಣ" ಎಂದು ಅದನ್ನು ಜೋಳಿಗೆಗೆ ಹಾಕಿಸಿದರು. ಮುಳ್ಳು ಎರಡಕ್ಕೆ ಸರಿಯಾಗಿ ನಿಂತಿತು. ತೃಪ್ತರಾಗಿ ಸಕ್ಕರೆ ತೆಗೆದು ಮೊಮ್ಮಗಳನ್ನು ಕೂರಿಸಿದರು. ಮಗು ಕಾಲು ಜಾಡಿಸಿತು, ಮುಳ್ಳು ಕುಣಿಯಿತು. ನಾನು ಜೀವಮಾನದಲ್ಲಿ ಸಾವಿರಾರು ಮಕ್ಕಳನ್ನು ತೂಗಿದ್ದೇನೆ, ಅಷ್ಟು ಹೊತ್ತು ಕುಣಿದ ಮುಳ್ಳನ್ನು ನೋಡಿಲ್ಲ. ಕೊನೆಗೆ ನಿಂತಾಗ ನಾಲ್ಕು ದಾಟಿ ಇನ್ನೂ ಸ್ವಲ್ಪ ಮುಂದಿತ್ತು. ಎರಡು ವಾರದಲ್ಲಿ ಕಾಲು ಕೆಜಿಗೂ ಮೇಲೆ ಏರಿತ್ತು.

ನನ್ನ ಕಣ್ಣು ತುಂಬಿ ಬಂತು. ಕಾರ್ಡಿನಲ್ಲಿ ತೂಕ ಬರೆಯಲು ಅಕ್ಷರ ಕಾಣಲಿಲ್ಲ.

"ಬರ್ಕಳವ್ವ, ಬರ್ಕ" ಎಂದರು ದೇವೀರಮ್ಮ. "ಬಾಟ್ಲಿ ಹಸೀನ್ ಕರೀಗೆ ಔಷ್ಧಿ ಕುಡ್ಸಾಕೆ ಆಯ್ತದೆ." ಆಮೇಲೆ ಸೊಸೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಡೈರಿಗೇನಾರ ಹಾಕಿದ್ರೆ ಇವ್ಳ ಹಾಲೇ ಊರಿಗ್ ಫಸ್ಟ್ ಬರೋದು" ಎಂದರು. ಶೋಭಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಆದರೆ ಭುಜ ಅಲುಗುತ್ತಿದ್ದದ್ದು ನಗುವಿಗೆ.

ಎಲ್ಲರೂ ಹೋದ ಮೇಲೆ ಶೋಭಾಳನ್ನು ಪಕ್ಕಕ್ಕೆ ಕರೆದು ಇದ್ದದ್ದನ್ನು ಹೇಳಿದೆ. "ನೋಡು, ಈ ಊರಲ್ಲಿ ನನ್ನ ಮಾತನ್ನು ಅಕ್ಷರಕ್ಕೆ ಅಕ್ಷರ ಕೇಳಿದವಳು ನೀನೊಬ್ಬಳೇ. ಅದಕ್ಕೇ ಹೀಗಾಯಿತು. ನನ್ನನ್ನು ಕ್ಷಮಿಸಮ್ಮ" ಎಂದೆ.

ಅವಳು ಮಗುವಿನ ಬಾಯಂಚಿಗೆ ಇಳಿದ ಹಾಲು ಒರೆಸಿದಳು.

"ಬೇಜಾರು ಮಾಡ್ಕೋಬೇಡಿ ಸಿಸ್ಟ್ರೇ. ಇನ್ಮೇಲೂ ನೀವು ಹೇಳಿದ್ದನ್ನ ಮಾಡ್ತೀನಿ. ಆದ್ರೆ ನಮ್ಮತ್ತೇನ ಒಂದ್ ಮಾತು ಕೇಳಿ ಮಾಡ್ತೀನಿ."

"ಹಾಗೇ ಮಾಡವ್ವ" ಎಂದೆ.